ಖಡಕ್‌ವಾಸ್ಲಾದ ನೀರು ನಮ್ಮೂರಿಗೆ ಎಷ್ಟು ದಿವಸಕ್ಕ ಬರ್ತದ?

ಊರಿಂದ ಯಾರೇ ನೆಂಟರು ಬಂದರೂ ಪುಣೆಯಲ್ಲಿ ನಾವು ತೋರಿಸುವ ಜಾಗಗಳ ಪಟ್ಟಿ ಈಗ ಬಾಯಿಪಾಠವಾಗಿಬಿಟ್ಟಿದೆ. ಮೊದಲು ದಗಡೂಶೇಟ್ ಗಣಪತಿ, ಆಮೇಲೆ ಶನಿವಾರವಾಡಾ, ಕಾಲಲ್ಲಿ ಶಕ್ತಿ ಇದ್ದವರಿಗೆ ಪರ್ವತಿ ಗುಡ್ಡ. ಸಂಜೆ ಹೊತ್ತಿಗೆ ಖಡಕ್‌ವಾಸ್ಲಾ. ಅಲ್ಲಿ ರಸ್ತೆ ಬದಿಗೆ ಕೆಂಡದ ಮೇಲೆ ಸುಟ್ಟ ಮೆಕ್ಕೆಜೋಳದ ತೆನೆ, ಉಳ್ಳಾಗಡ್ಡಿ ಭಜಿ, ಚಹಾ, ಎದುರಿಗೆ ಕಣ್ಣು ಹಾಯುವಷ್ಟು ನೀರು. ನಮ್ಮ ಮನೆ ಧಾಯರಿಯಲ್ಲಿ ಇರುವುದರಿಂದ ಈ ಕೊನೆಯ ಜಾಗ ನಮಗೆ ತೀರಾ ಹತ್ತಿರ. ಅದಕ್ಕೇ ಏನೋ, ಮೂವತ್ತು ವರ್ಷ ಅದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

2019ರ ಆಗಸ್ಟಿನಲ್ಲಿ ನಮ್ಮ ಕಾಕಾ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದಿದ್ದರು. ನಮ್ಮದು ಅಫಜಲಪುರ ತಾಲೂಕು, ದೇವಲ ಗಾಣಗಾಪುರದಿಂದ ಸ್ವಲ್ಪ ದೂರ, ಭೀಮಾ ದಂಡೆಯ ಮೇಲಿನ ಹಳ್ಳಿ. ಆಪರೇಶನ್ ಆಗಿ ವಾರ ಕಳೆದಿತ್ತು. ಮನೆಯಲ್ಲಿ ಕೂತು ಬೇಸರ ಅಂದರು ಅಂತ ಒಂದು ಸಂಜೆ ಕಪ್ಪು ಕನ್ನಡಕ ಹಾಕಿಸಿ ಕರೆದುಕೊಂಡು ಹೋದೆ. ಆ ವರ್ಷದ ಮಳೆ ನಿಮಗೂ ನೆನಪಿರಬಹುದು. ಡ್ಯಾಮು ತುಂಬಿ ಬಾಗಿಲು ತೆರೆದಿದ್ದರು, ನೀರು ಬೆಳ್ಳಗೆ ನೊರೆಯಾಗಿ ಬೀಳುತ್ತಿತ್ತು. ಜನವೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ಕಾಕಾ ಮಾತ್ರ ನೀರು ಬೀಳುವುದನ್ನು ಬಿಟ್ಟು ಅದು ಹರಿದುಹೋಗುವ ದಿಕ್ಕನ್ನೇ ನೋಡುತ್ತ ನಿಂತಿದ್ದರು.

"ತಮ್ಮಾ, ಇದು ಯಾವ ಹೊಳಿ?"

"ಮುಠಾ ಅಂತ ಕಾಕಾ."

"ಮುಂದ ಎಲ್ಲಿ ಹೋಗಿ ಕೂಡ್ತದ?"

"ಪುಣೆದಾಗ ಮುಳಾಕ್ಕ ಕೂಡ್ತದ. ಆಮ್ಯಾಲ ಎರಡೂ ಸೇರಿ ಭೀಮಾಕ್ಕ."

ಕಾಕಾ ಕನ್ನಡಕ ತೆಗೆದೇ ಬಿಟ್ಟರು. "ಅಂದ್ರ ಈ ನೀರು ನಮ್ಮೂರಿಗೇ ಬರ್ತದಲ್ಲೋ! ಎಷ್ಟು ದಿವಸಕ್ಕ ಬರ್ತದ?"

ನನ್ನಲ್ಲಿ ಉತ್ತರ ಇರಲಿಲ್ಲ. 1988ರಲ್ಲಿ ಕೆಲಸ ಹುಡುಕಿಕೊಂಡು ಈ ಊರಿಗೆ ಬಂದವನು ನಾನು. ಅಷ್ಟು ವರ್ಷ ಇದೇ ನೀರು ಕುಡಿದಿದ್ದೇನೆ, ಸ್ನಾನ ಮಾಡಿದ್ದೇನೆ. ನಾನು ಬಳಸುವ ನೀರು ಮುಂದೆ ನಮ್ಮವ್ವ ಬಟ್ಟೆ ಒಗೆಯುತ್ತಿದ್ದ ಹೊಳೆಗೇ ಹೋಗುತ್ತದೆ ಅನ್ನುವುದು ಶಾಲೆಯ ಭೂಗೋಳದ ಲೆಕ್ಕದಲ್ಲಿ ಗೊತ್ತಿತ್ತು, ಮನಸ್ಸಿಗೆ ಗೊತ್ತಿರಲಿಲ್ಲ. ಅವತ್ತಿನಿಂದ ಈ ಊರಿನ ಕತೆಯನ್ನು ಚೂರುಚೂರಾಗಿ ಕೂಡಿಹಾಕುತ್ತ ಬಂದಿದ್ದೇನೆ. ಗೊತ್ತಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ಜಾಗದ ಪರಿಚಯ. ಮರಾಠಿಯಲ್ಲಿ ಖಡಕ್ ಅಂದರೆ ಬಂಡೆ. ಪುಣೆಯಿಂದ ನೈಋತ್ಯಕ್ಕೆ ಸಿಂಹಗಡ ರಸ್ತೆ ಹಿಡಿದು ಹೋದರೆ ಹದಿನೈದು-ಇಪ್ಪತ್ತು ಕಿಲೋಮೀಟರಿನಲ್ಲಿ ಈ ಬಂಡೆಯೂರು ಸಿಗುತ್ತದೆ. ಹಿನ್ನೀರು ಅಗಲಕ್ಕಿಂತ ಉದ್ದಕ್ಕೇ ಹೆಚ್ಚು. ಪಶ್ಚಿಮಕ್ಕೆ ಸಹ್ಯಾದ್ರಿಯ ಕಡೆ ಬೆಟ್ಟಗಳ ನಡುವೆ ಚಾಚಿಕೊಂಡು ಮಲಗಿದೆ. ದಕ್ಷಿಣದ ದಡದಲ್ಲಿ ಪಾನ್‌ಶೇತ್‌ಗೆ ಹೋಗುವ ರಸ್ತೆ, ಅದರ ಗುಂಟ ಗೋರ್ಹೆ ಬುದ್ರುಕ್, ಗೋರ್ಹೆ ಖುರ್ದ್, ಖಾನಾಪುರ ಅಂತ ಹಳ್ಳಿಗಳು. (ಬುದ್ರುಕ್ ಅಂದರೆ ದೊಡ್ಡದು, ಖುರ್ದ್ ಅಂದರೆ ಸಣ್ಣದು. ನಮ್ಮಲ್ಲಿ ಹಿರೇ, ಚಿಕ್ಕ ಅಂತ ಜೋಡಿ ಊರುಗಳಿಲ್ಲವೇ, ಹಾಗೆ.) ನೆತ್ತಿಯ ಮೇಲೆ ಕಾವಲು ನಿಂತ ಹಾಗೆ ಸಿಂಹಗಡ. 1670ರಲ್ಲಿ ತಾನಾಜಿ ಮಾಲುಸರೆ ಪ್ರಾಣ ಕೊಟ್ಟು ಗೆದ್ದ ಕೋಟೆ.

ಈ ಕೆರೆಗೆ ನೀರು ಬರುವುದು ಒಂದೇ ಹೊಳೆಯಿಂದಲ್ಲ. ಮುಠಾ, ಮೋಸೆ, ಆಂಬಿ ಮೂರೂ ಸಾಂಗ್ರುಣ್ ಎಂಬ ಹಳ್ಳಿಯ ಹತ್ತಿರ ಕೂಡುತ್ತವೆ. ಮೂರಕ್ಕೂ ಮೇಲೆ ಒಂದೊಂದು ಅಣೆಕಟ್ಟು ಇದೆ: ಮುಠಾಕ್ಕೆ ಟೇಮ್‌ಘರ್, ಮೋಸೆಗೆ ವರಸಗಾಂವ್, ಆಂಬಿಗೆ ಪಾನ್‌ಶೇತ್. ಮಳೆಗಾಲ ಬಂತೆಂದರೆ ಪುಣೆಯ ಮರಾಠಿ ಪೇಪರುಗಳಲ್ಲಿ ದಿನಾ ಈ ನಾಲ್ಕರ ಲೆಕ್ಕ ಬರುತ್ತದೆ. ಟೇಮ್‌ಘರ್ 3.71 ಟಿಎಂಸಿ, ವರಸಗಾಂವ್ 12.82, ಪಾನ್‌ಶೇತ್ 10.65, ನಮ್ಮ ಖಡಕ್‌ವಾಸ್ಲಾ ಬರೀ 1.97. ಒಟ್ಟು 29.15. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರು. ಅಂದರೆ ಎಲ್ಲರಿಗೂ ಹೆಸರು ಗೊತ್ತಿರುವ ಖಡಕ್‌ವಾಸ್ಲಾ ನಾಲ್ವರಲ್ಲಿ ಎಲ್ಲರಿಗಿಂತ ಚಿಕ್ಕದು! ಆದರೆ ಬಾಗಿಲ ಕೀಲಿ ಅದರ ಕೈಯಲ್ಲಿದೆ. ಮೇಲಿನ ಮೂವರು ಬಿಟ್ಟ ನೀರೆಲ್ಲ ಇಲ್ಲಿಗೇ ಬಂದು, ಇಲ್ಲಿಂದ ಪುಣೆಯ ನಲ್ಲಿಗೆ, ಕಾಲುವೆಯಲ್ಲಿ ಪೂರ್ವದ ದೌಂಡ್, ಇಂದಾಪುರದ ಹೊಲಗಳಿಗೆ, ಹೆಚ್ಚಾದದ್ದು ಹೊಳೆಗೆ.

ಕೆರೆ ದೇವರು ಕೊಟ್ಟದ್ದಲ್ಲ, ಇಂಗ್ಲಿಷರ ಕಾಲದಲ್ಲಿ ಕಟ್ಟಿದ್ದು. ಸಹ್ಯಾದ್ರಿಯ ಮೇಲೆ ಸುರಿಯುವ ಮಳೆ ಪೂರ್ವಕ್ಕೆ ಬರುತ್ತ ಬರುತ್ತ ಸಣ್ಣಗಾಗಿ, ಪುಣೆ ದಾಟುವಷ್ಟರಲ್ಲಿ ಬಯಲುಸೀಮೆಯೇ ಆಗಿಬಿಡುತ್ತದೆ. ಅಲ್ಲಿಯ ಹೊಲಗಳಿಗೂ ಪುಣೆಯ ದಂಡಿಗೂ ನೀರು ಬೇಕಿತ್ತು. ಸೇನೆಯ ಇಂಜಿನಿಯರ್ ಫೈಫ್ ಎಂಬವರ ಯೋಜನೆಯಂತೆ 1869ರ ಸುಮಾರಿಗೆ ಕೆಲಸ ಶುರುವಾಗಿ, ಹತ್ತು ವರ್ಷದಲ್ಲಿ ಕಲ್ಲುಕಟ್ಟಡದ ಅಣೆಕಟ್ಟು ಮುಗಿಯಿತು. ಆಗಿನ ಕಾಗದಪತ್ರಗಳಲ್ಲಿ ಇದರ ಹೆಸರು ಲೇಕ್ ಫೈಫ್. ಈಗ ಆ ಹೆಸರು ಹೇಳಿದರೆ ರಿಕ್ಷಾದವನಿಗೆ ಬಿಡಿ, ದಡದಲ್ಲಿ ಹುಟ್ಟಿದವರಿಗೂ ತಿಳಿಯುವುದಿಲ್ಲ.

ಇಲ್ಲಿ ನಮ್ಮವರೊಬ್ಬರು ಬರುತ್ತಾರೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯ ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಇಂಜಿನಿಯರಿಂಗ್ ಓದಿದ್ದು ಪುಣೆಯ ವಿಜ್ಞಾನ ಕಾಲೇಜಿನಲ್ಲಿ. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕ್‌ವಾಸ್ಲಾದ ಕೆರೆ ಮಳೆಗಾಲದಲ್ಲಿ ಕೋಡಿ ಹರಿದು ನೀರು ಪೋಲಾಗುತ್ತಿತ್ತು, ಬೇಸಿಗೆಯಲ್ಲಿ ಸಾಲುತ್ತಿರಲಿಲ್ಲ. ಅಣೆಕಟ್ಟು ಎತ್ತರಿಸುವುದು ಖರ್ಚಿನ ಬಾಬತ್ತು. ಅವರು ಕೋಡಿಯ ಮೇಲೆ ಬಾಗಿಲು ಕೂರಿಸುವ ಉಪಾಯ ಮಾಡಿದರು. ನೀರು ಗೊತ್ತಾದ ಮಟ್ಟ ಮುಟ್ಟಿದರೆ ನೀರಿನ ಬಲದಿಂದಲೇ ಬಾಗಿಲು ತೆರೆಯಬೇಕು, ಇಳಿದರೆ ತಾನಾಗಿ ಮುಚ್ಚಬೇಕು. ಅರ್ಧರಾತ್ರಿ ಮಳೆಯಲ್ಲಿ ಯಾರೂ ಕಂದೀಲು ಹಿಡಿದು ಓಡಬೇಕಿಲ್ಲ. 1903ರಲ್ಲಿ ಈ ಸ್ವಯಂಚಾಲಿತ ಬಾಗಿಲುಗಳು ಮೊದಲ ಸಲ ಕೂತಿದ್ದು ಇಲ್ಲಿಯೇ. ಆಮೇಲೆ ಗ್ವಾಲಿಯರಿನ ಟಿಗ್ರಾದಲ್ಲಿ, ನಮ್ಮ ಕನ್ನಂಬಾಡಿಯಲ್ಲಿ. ಕನ್ನಂಬಾಡಿಯ ಬಾಗಿಲಿನ ಗುರುಮನೆ ಪುಣೆಯ ಹೊರಗಿನ ಈ ಹಳ್ಳಿ ಅಂತ ಗೊತ್ತಾದ ದಿನ ನನಗೆ ಎಂಥಾ ಹಿಗ್ಗು ಅಂತೀರಿ!

ಮರುದಿನ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಮರಾಠಿ ಗೆಳೆಯರ ಮುಂದೆ ಇದನ್ನೇ ಜಂಬದಿಂದ ಹೇಳಿದೆ. ನಿಮ್ಮ ನಲ್ಲಿಯ ನೀರಿನ ಹಿಂದೆ ನಮ್ಮ ಮುದ್ದೇನಹಳ್ಳಿಯವರ ತಲೆ ಇದೆ ಅಂದೆ. ಅವರಲ್ಲೊಬ್ಬ ಖಡಕ್‌ವಾಸ್ಲಾ ಕಡೆಯವನೇ. ಡಬ್ಬಿಯಿಂದ ಕಣ್ಣೆತ್ತದೆ ಹೇಳಿದ: "ಅಣೆಕಟ್ಟು ಇಂಗ್ಲಿಷರದು, ಬಾಗಿಲು ನಿಮ್ಮವರದು, ನೀರು ಪುಣೆಯವರದು. ಮುಳುಗಿದ ಹೊಲ ಮಾತ್ರ ನಮ್ಮದು." ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಮನೆತನಕ ನನ್ನ ಜೊತೆ ಬಂತು.

ಅವನು ಹೇಳಿದ್ದರಲ್ಲಿ ಸುಳ್ಳೇನಿದೆ? ಈ ದಡಕ್ಕೆ ಬಂದು ಕೂತವರೆಲ್ಲ ಹೊರಗಿನ ಕೆಲಸಕ್ಕೇ ಬಂದವರು. 1916ರಲ್ಲಿ ಮುಂಬಯಿ ಸರ್ಕಾರ ನೀರಾವರಿ ಸಂಶೋಧನೆಗೆಂದು ಶುರು ಮಾಡಿದ ಘಟಕ 1925ರಲ್ಲಿ ಅಣೆಕಟ್ಟಿನ ಕೆಳಗೆ ಬಂತು, ಕಾರಣ ಪ್ರಯೋಗಕ್ಕೆ ಬೇಕಾದಷ್ಟು ನೀರು ಇಲ್ಲಿ ಸಿಗುತ್ತಿತ್ತು. ಅದೇ ಈಗಿನ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ. ದೇಶದ ಹೊಳೆ, ಬಂದರು, ಅಣೆಕಟ್ಟುಗಳ ಸಣ್ಣ ಸಣ್ಣ ಮಾದರಿ ಕಟ್ಟಿ ನೀರು ಹರಿಸಿ ನೋಡುವ ಜಾಗ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಮುದ್ರದಂಡೆಗೆ ಸೈನಿಕರನ್ನು ಇಳಿಸುವ ತಾಲೀಮಿಗಾಗಿ ಉತ್ತರದ ದಡದಲ್ಲಿ ಒಂದು ನಕಲಿ ಹಡಗು ಇಟ್ಟಿದ್ದರು. ಸಮುದ್ರವೇ ಇಲ್ಲದ ಊರಲ್ಲಿ ಹಡಗು! ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಜಾಗ ಹುಡುಕುವಾಗ ಅದೂ ಒಂದು ಅನುಕೂಲವಾಯಿತಂತೆ. 1949ರ ಅಕ್ಟೋಬರ್ 6ರಂದು ನೆಹರೂ ಅಡಿಗಲ್ಲು ಇಟ್ಟರು, 1955ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿನ ಗುಮ್ಮಟದ ಕಟ್ಟಡ ಸುಡಾನ್ ಬ್ಲಾಕ್. ಯುದ್ಧದಲ್ಲಿ ಆಫ್ರಿಕಾದಲ್ಲಿ ಹೋರಾಡಿದ ಭಾರತೀಯ ಸೈನಿಕರ ನೆನಪಿಗೆ ಸುಡಾನ್ ಕೊಟ್ಟ ಒಂದು ಲಕ್ಷ ಪೌಂಡಿನಲ್ಲಿ ಕಟ್ಟಿದ್ದು. ಒಂದು ದಡ ಪೂರ್ತಿ ಹೆಚ್ಚುಕಡಿಮೆ ಅಕಾಡೆಮಿಯದು, ನಾವು ತೆನೆ ತಿನ್ನುತ್ತ ಕೂರುವುದು ಈಚೆ ದಡದಲ್ಲಿ.

ಈಗ 1961ರ ಮಾತು. ಪುಣೆಯವರಿಗೆ ಖಡಕ್‌ವಾಸ್ಲಾ ಅಂದರೆ ಹಿರಿಯರಲ್ಲಿ ಮೊದಲು ನೆನಪಾಗುವುದೇ ಅದು. ನಾನು ಬಂದ ಹೊಸದರಲ್ಲಿ ನಾರಾಯಣ ಪೇಠೆಯಲ್ಲಿ ಒಬ್ಬ ಅಜ್ಜಿಯ ವಾಡೆಯಲ್ಲಿ ಬಾಡಿಗೆಗೆ ಇದ್ದೆ. ಅಜ್ಜಿ ತನ್ನ ಕಬ್ಬಿಣದ ಟ್ರಂಕನ್ನು ಅಟ್ಟದ ಮೇಲೆ ಇಟ್ಟಿದ್ದಳು. ಪ್ರತಿ ಸಲ ಏಣಿ ಹತ್ತಿ ಅದನ್ನು ಇಳಿಸಿಕೊಡುವುದು ನನ್ನ ಪಾಲಿನ ಕೆಲಸ. ಕೆಳಗೇ ಇಟ್ಟುಕೊಳ್ಳಬಾರದೇ ಅಜ್ಜಿ ಅಂದರೆ, ಗೋಡೆಯ ಮೇಲೆ ನನ್ನ ತಲೆಗಿಂತ ಎತ್ತರದಲ್ಲಿದ್ದ ಒಂದು ಕಲೆ ತೋರಿಸಿದಳು. ನೀರು ಅಲ್ಲಿಯವರೆಗೆ ನಿಂತಿತ್ತು.

ಪಾನ್‌ಶೇತ್ ಆಗಿನ್ನೂ ಕಟ್ಟುತ್ತಿದ್ದ ಮಣ್ಣಿನ ಅಣೆಕಟ್ಟು. ಕೆಲಸ ಪೂರ್ತಿಯಾಗದೆ ಮಳೆಗಾಲದ ನೀರು ತುಂಬಿಕೊಂಡಿತು. ನೀರು ಹೊರಬಿಡುವ ಕೊಳವೆಮಾರ್ಗದ ಹತ್ತಿರ ಮಣ್ಣು ಕುಸಿಯತೊಡಗಿದಾಗ ಸೈನಿಕರು ರಾತ್ರಿಯೆಲ್ಲ ಮರಳಿನ ಚೀಲ ಹೊತ್ತು ಒಟ್ಟಿದರು. 1961ರ ಜುಲೈ 12, ಬುಧವಾರ ಬೆಳಿಗ್ಗೆ ಅದು ಒಡೆಯಿತು. ಆ ನೀರಿನ ಹೊಡೆತಕ್ಕೆ ಅದೇ ದಿನ ಕೆಳಗಿನ ಖಡಕ್‌ವಾಸ್ಲಾವೂ ಒಡೆಯಿತು. ಆ ಸೈನಿಕರು ಗಳಿಸಿಕೊಟ್ಟ ತಾಸುಗಳಿಂದ ಬೆಳಕಿರುವಾಗ ನೀರು ಬಂತು, ಕತ್ತಲಲ್ಲಿ ಬಂದಿದ್ದರೆ ಎಷ್ಟು ಜೀವ ಹೋಗುತ್ತಿತ್ತೋ. ಹೊಳೆದಂಡೆಯ ಪೇಠೆಗಳಲ್ಲಿ ಸಾವಿರಗಟ್ಟಲೆ ಮನೆಗಳು ನೆಲಕಚ್ಚಿದವು. ಆಮೇಲಿನ ಕಷ್ಟ ಇನ್ನೊಂದು ತರಹದ್ದು. ಕುಡಿಯುವ ನೀರಿನ ಕೆರೆಯೇ ಖಾಲಿ! ನೀರಲ್ಲಿ ಮುಳುಗಿದ ಊರಿನ ನಲ್ಲಿಯಲ್ಲಿ ನೀರಿಲ್ಲ. ಹಳೇ ವಾಡೆಗಳ ಬಾವಿಗಳೇ ಗತಿಯಾದವು. ಮನೆ ಕಳೆದುಕೊಂಡವರಿಗಾಗಿ ಗೋಖಲೆನಗರದಂಥ ಹೊಸ ಬಡಾವಣೆಗಳು ಬಂದವು, ಪುಣೆ ಪೇಠೆಗಳನ್ನು ಬಿಟ್ಟು ಹೊರಗೆ ಬೆಳೆಯತೊಡಗಿತು.

ಆ ದಿನ ವಿಶ್ವೇಶ್ವರಯ್ಯನವರು ನೂರರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿದ್ದರು. ಮುಂದಿನ ಏಪ್ರಿಲಿನಲ್ಲಿ ತೀರಿಕೊಂಡರು. ತಾವು ಬಾಗಿಲು ಕೂರಿಸಿದ ಕೆರೆ ಒಡೆದ ಸುದ್ದಿಯನ್ನು ಅವರಿಗೆ ಯಾರಾದರೂ ಓದಿ ಹೇಳಿದ್ದರೋ ಏನೋ ಅಂತ ಒಮ್ಮೊಮ್ಮೆ ಯೋಚಿಸುತ್ತೇನೆ. ಅಣೆಕಟ್ಟನ್ನು ಮತ್ತೆ ಗಟ್ಟಿಮಾಡಿ ಕಟ್ಟಿದರು. ಈಗ ನಾವು ನೋಡುವ ಬಾಗಿಲುಗಳು ಅವರ ಕಾಲದವಲ್ಲ.

ನಾರಾಯಣ ಪೇಠೆಯ ಅಜ್ಜಿ ಸಾಯುವವರೆಗೂ ಖಡಕ್‌ವಾಸ್ಲಾ ನೋಡಲು ಹೋಗಲಿಲ್ಲ. ಒಮ್ಮೆ ನಾನು ಬಾ ಅಜ್ಜಿ, ರಿಕ್ಷಾ ಮಾಡಿಕೊಂಡು ಹೋಗಿ ಬರೋಣ ಅಂದಿದ್ದಕ್ಕೆ, "ಅದೇ ನಮ್ಮ ಮನೆಗೆ ಬಂದು ಹೋಗಿದೆಯಲ್ಲ, ನಾನು ಯಾಕೆ ಹೋಗಲಿ" ಅಂದಿದ್ದಳು. ಆಗ ಅದು ನನಗೆ ಒಳ್ಳೆಯ ತಮಾಷೆಯ ಮಾತಾಗಿ ಕಂಡಿತ್ತು.

2020ರ ಅಕ್ಟೋಬರ್ 14ರ ರಾತ್ರಿ ಪುಣೆಯಲ್ಲಿ ಭಯಂಕರ ಮಳೆ. ನಾವು ಬಾಲ್ಕನಿಯಲ್ಲಿ ನಿಂತು ನೋಡಿದೆವು, ಹೆಂಡತಿ ಭಜಿ ಕರಿದಳು. ಈ ವರ್ಷ ನೀರಿಗೇನೂ ಚಿಂತೆ ಇಲ್ಲ ಬಿಡು ಅಂತ ಮಾತಾಡಿಕೊಂಡೆವು. ಮೂರ್ನಾಲ್ಕು ದಿನ ಕಳೆದು ಊರಿಂದ ಕಾಕಾನ ಫೋನು. ಉಜನಿಯ ಅಣೆಕಟ್ಟು ತುಂಬಿ ಬಾಗಿಲು ತೆಗೆದಿದ್ದರು. ಭೀಮಾ ಉಕ್ಕಿ ಬಂದು ಕಟಾವಿಗೆ ಇನ್ನೂ ಎರಡು ತಿಂಗಳಿದ್ದ ತೊಗರಿಯೆಲ್ಲ ನೀರಲ್ಲಿ ನಿಂತಿತ್ತು. ಹಿತ್ತಲ ಗೋಡೆ ಬಿದ್ದಿತ್ತು. ದನಗಳನ್ನು ಹೊಡೆದುಕೊಂಡು ಶಾಲೆಯ ದಿಬ್ಬಕ್ಕೆ ಹೋಗಿದ್ದರು. ಕಾಕಾನ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ-ಬೆಳೆ ಹೇಳುವ ಹಾಗೆ ಹೇಳಿದರು.

"ಬಂತು ನೋಡಪ್ಪಾ ನಿಮ್ಮ ನೀರು."

ಅಷ್ಟೇ ಅಂದದ್ದು. ನಾನೇನು ಹೇಳಲಿ? ಕಾಕಾ, ಅದು ಬರೀ ಖಡಕ್‌ವಾಸ್ಲಾದ ನೀರಲ್ಲ, ಉಜನಿ ಅಂದರೆ 117 ಟಿಎಂಸಿಯ ಸಮುದ್ರ, ಅದರ ಮುಂದೆ ನಮ್ಮದು ಒಂದು ಬೊಗಸೆ, ಮಳೆ ಸೊಲ್ಲಾಪುರದಲ್ಲೂ ಬಿದ್ದಿತ್ತು, ನೀರಾ, ಸೀನಾ ಎಲ್ಲ ಸೇರಿದ್ದವು... ಇದೆಲ್ಲ ನಿಜವೇ. ಆದರೆ ನೀರಲ್ಲಿ ನಿಂತವರಿಗೆ ಲೆಕ್ಕ ಹೇಳಬಾರದು. ನಿಮ್ಮ ನೀರು ಅಂದರಲ್ಲ, ಅದೇ ನನಗೆ ಚುಚ್ಚಿತು. ಒಂದು ವರ್ಷದ ಹಿಂದೆ ಅದೇ ಕಾಕಾ ಡ್ಯಾಮಿನ ಮುಂದೆ ನಿಂತು ನಮ್ಮೂರಿಗೆ ಬರ್ತದಲ್ಲೋ ಅಂತ ಹಿಗ್ಗಿದ್ದರು. ನಾರಾಯಣ ಪೇಠೆಯ ಅಜ್ಜಿಯ ಮಾತು ಅವತ್ತು ತಮಾಷೆಯಾಗಿ ಉಳಿಯಲಿಲ್ಲ.

ಈ ನೀರಿನ ಹಾದಿಯನ್ನು ಒಮ್ಮೆ ನಕಾಶೆಯಲ್ಲಿ ಬೆರಳಿಟ್ಟು ನೋಡಿ. ಖಡಕ್‌ವಾಸ್ಲಾ ಬಿಟ್ಟ ಮುಠಾ ಪುಣೆಯ ಸಂಗಮದಲ್ಲಿ ಮುಳಾವನ್ನು ಕೂಡಿ, ಊರಿನ ಕೊಳೆಯನ್ನೂ ಹೊತ್ತು, ರಾಂಜಣಗಾಂವ್ ಸಾಂಡಸ್ ಹತ್ತಿರ ಭೀಮಾ ಸೇರುತ್ತದೆ. ದೌಂಡ್ ದಾಟಿ ಉಜನಿಯಲ್ಲಿ ನಿಲ್ಲುತ್ತದೆ. ಪಂಢರಪುರದಲ್ಲಿ ಚಂದ್ರಭಾಗಾ ಅಂತ ಕರೆಸಿಕೊಂಡು ವಿಠಲನ ಪಾದದ ಹತ್ತಿರ ಹಾದು, ವಿಜಯಪುರ, ಕಲಬುರಗಿ ಜಿಲ್ಲೆಗಳ ಅಂಚಿಗೆ ಬಂದು, ಸೊನ್ನದ ಬ್ಯಾರೇಜು ದಾಟಿ, ಗಾಣಗಾಪುರದಲ್ಲಿ ಅಮರ್ಜಾವನ್ನು ಕೂಡಿಕೊಂಡು, ಕೊನೆಗೆ ರಾಯಚೂರಿನ ಕಡೆ ಕೃಷ್ಣೆಗೆ. ಪುಣೆಯಿಂದ ದತ್ತನ ದರ್ಶನಕ್ಕೆ ಗಾಣಗಾಪುರಕ್ಕೆ ಬಂದು ಸಂಗಮದಲ್ಲಿ ಮುಳುಗು ಹಾಕುವ ಭಕ್ತರಿಗೆ ಇದು ಗೊತ್ತಿದೆಯೋ ಇಲ್ಲವೋ, ತಮ್ಮೂರ ನೀರನ್ನೇ ಅವರು ಅಲ್ಲಿ ಮತ್ತೆ ತಲೆಗೆ ಹಾಕಿಕೊಳ್ಳುತ್ತಾರೆ!

ಹಾಗಾದರೆ ಎಷ್ಟು ದಿವಸಕ್ಕ ಬರ್ತದ? ಉಜನಿ ತುಂಬಿ ಬಾಗಿಲು ತೆರೆದಿದ್ದರೆ ಕೆಲವೇ ದಿನ. ಉಜನಿ ತುಂಬಿರದಿದ್ದರೆ ಅಲ್ಲಿಯೇ ತಿಂಗಳುಗಟ್ಟಲೆ ನಿಲ್ಲುತ್ತದೆ. ಬೇಸಿಗೆಯಲ್ಲಿ, ಊರಿನ ಹೊಳೆಯಲ್ಲಿ ಮರಳು ಕಾಣುವ ದಿನಗಳಲ್ಲಿ, ಕಾಕಾನಿಗೆ ನಿಜವಾಗಿ ನೀರು ಬೇಕಾದ ಹೊತ್ತಿನಲ್ಲಿ, ತಾನಾಗಿ ಹರಿದು ಬರುವುದೇ ಇಲ್ಲ. ಮೇಲಿರುವ ನಾವು ಬೇಕಾದಷ್ಟು ಇಟ್ಟುಕೊಂಡು ಬೇಡವಾದದ್ದನ್ನು ಕೆಳಗೆ ಕಳಿಸುತ್ತೇವೆ. ಊರಲ್ಲಿದ್ದಾಗ ನಾನು ಕೆಳಗಿನವನಾಗಿದ್ದೆ. ಪುಣೆಗೆ ಬಂದು ಮೇಲಿನವನಾದೆ. ಆಗಿದ್ದು ಗೊತ್ತೇ ಆಗಲಿಲ್ಲ.

ಮೇಲಿನವರೆಲ್ಲ ಸುಖವಾಗಿದ್ದಾರೆ ಅಂತಲೂ ಇಲ್ಲ. ನಾನು 1999ರಲ್ಲಿ ಫ್ಲ್ಯಾಟ್ ಕೊಂಡಾಗ ಧಾಯರಿ ಗ್ರಾಮ ಪಂಚಾಯತಿ. 2017ರಲ್ಲಿ ಅದು ಮಹಾನಗರಕ್ಕೆ ಸೇರಿತು. ಖಡಕ್‌ವಾಸ್ಲಾ, ಕಿರ್ಕಟವಾಡಿ, ನಾಂದೇಡ್ (ಜಿಲ್ಲೆಯ ನಾಂದೇಡ್ ಅಲ್ಲ, ಇಲ್ಲಿಯ ಹಳ್ಳಿ) ಸೇರಿ 23 ಹಳ್ಳಿಗಳು 2021ರಲ್ಲಿ ಸೇರಿದವು. ಹಳ್ಳಿ ಅನ್ನುವ ಬೋರ್ಡು ಹೋಯಿತು, ಕಟ್ಟಡಗಳು ಎದ್ದವು, ಎಷ್ಟೋ ಸೊಸೈಟಿಗಳಿಗೆ ಟ್ಯಾಂಕರ್ ನೀರೇ ಉಳಿಯಿತು. 2024ರ ಜುಲೈ 25ರಂದು ಡ್ಯಾಮಿನಿಂದ ಬಿಟ್ಟ ನೀರು ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳಿಗೆ ನುಗ್ಗಿತು. 2025ರ ಜನವರಿಯಲ್ಲಿ ಇದೇ ಭಾಗದಲ್ಲಿ ಗಿಯಾನ್-ಬಾರೆ ಎಂಬ ನರದ ಕಾಯಿಲೆ ಕಾಣಿಸಿಕೊಂಡು, 200ಕ್ಕೂ ಹೆಚ್ಚು ಮಂದಿಗೆ ತಗುಲಿತು. ಕೈಕಾಲು ಸ್ವಾಧೀನ ತಪ್ಪಿ ಕೆಲವರು ವೆಂಟಿಲೇಟರ್ ಮೇಲೆ ಮಲಗಿದರು, ಸತ್ತವರೂ ಇದ್ದಾರೆ. ಕುಡಿಯುವ ನೀರಿನ ಮೇಲೇ ಅನುಮಾನ ಬಂತು. ಆ ತಿಂಗಳು ನಮ್ಮ ಮನೆಯಲ್ಲಿ ದೊಡ್ಡ ಪಾತೇಲಿಯಲ್ಲಿ ನೀರು ಕುದಿಸುವುದೇ ಒಂದು ಕೆಲಸ. ಸುದ್ದಿ ಊರಿಗೂ ಮುಟ್ಟಿತ್ತು. ಕಾಕಾ ಫೋನ್ ಮಾಡಿ ಕೇಳಿದರು: "ಅಲ್ಲೋ ತಮ್ಮಾ, ಡ್ಯಾಮಿನ ಬುಡಕ್ಕ ಕುಂತು ನೀರು ಕುಡೀಲಿಕ್ಕ ಅಂಜ್ತೀರಂತಲ್ಲ?"

ಕ್ಯಾಂಟೀನಿನ ಗೆಳೆಯನ ಮಾತು ಮತ್ತೆ ನೆನಪಾಯಿತು. ಹೊಲ ಕೊಟ್ಟವರ ಮೊಮ್ಮಕ್ಕಳು ಕೊಡ ಹಿಡಿದು ಟ್ಯಾಂಕರ್ ಕಾಯುವುದನ್ನು ನಾನು ದಿನಾ ನೋಡುತ್ತೇನೆ. ನಾನೂ ಅವರ ಸಾಲಿನಲ್ಲೇ ಇದ್ದೇನೆ, ಆದರೆ ನಾನು ಬಂದು ಸೇರಿದವನು. ಅವರದು ಹಾಗಲ್ಲ.

ಈಗ ನನಗೊಂದು ರೂಢಿ ಬಿದ್ದಿದೆ. ಮಳೆಗಾಲದಲ್ಲಿ ಖಡಕ್‌ವಾಸ್ಲಾದಿಂದ ಇಷ್ಟು ಕ್ಯೂಸೆಕ್ ನೀರು ಬಿಟ್ಟರು ಅಂತ ನಮ್ಮ ಸೊಸೈಟಿಯ ಗುಂಪಿನಲ್ಲಿ ಮೆಸೇಜು ಬಂದ ಕೂಡಲೇ ಕಾಕಾನ ಮಗನಿಗೆ ಕಳಿಸುತ್ತೇನೆ, ಉಜನಿಯ ಮಟ್ಟವನ್ನೂ ನೋಡಿ ಬರೆಯುತ್ತೇನೆ. ಆಮೇಲೆ ಕಾಕಾನಿಗೆ ಫೋನು. ಸರ್ಕಾರದವರೂ ಹೇಳುತ್ತಾರೆ, ಟಿವಿಯಲ್ಲೂ ಬರುತ್ತದೆ, ನನ್ನ ಫೋನಿನಿಂದ ತೊಗರಿ ಉಳಿಯುವುದಿಲ್ಲ. ಆದರೂ ಮಾಡುತ್ತೇನೆ. ಕಳೆದ ಸಲ ಕಾಕಾ ನಕ್ಕು, "ಬಿಡ್ಲಿ ಬಿಡು, ಹಿತ್ತಲ ಗ್ವಾಡಿ ಈ ಸಲ ಕಲ್ಲಿಂದ ಕಟ್ಸೀನಿ. ನೀ ಯಾವಾಗ ಬರ್ತಿ ಅದನ್ನ ಹೇಳು" ಅಂದರು.

ಮುನ್ನೂರು ಕಿಲೋಮೀಟರ್ ಮೇಲಾಗುತ್ತದೆ. ನೀರು ಪ್ರತಿ ಮಳೆಗಾಲ ಹೋಗುತ್ತದೆ. ನಾನು ಈ ವರ್ಷ ಇನ್ನೂ ಹೋಗಿಲ್ಲ.

ಬೇರೆ ಬೇರೆ ಊರುಗಳಲ್ಲಿ ಕೂತು ಇದನ್ನು ಓದುತ್ತಿರುವ ನೀವೂ ಒಮ್ಮೆ ನೋಡಿ. ನಿಮ್ಮ ನಲ್ಲಿಗೆ ಬರುವ ನೀರು ಯಾವ ಹಳ್ಳಿಯ ಮಗ್ಗುಲಿಂದ ಬರುತ್ತದೆ, ನಿಮ್ಮಲ್ಲಿಂದ ಮುಂದೆ ಯಾರ ಹೊಲಕ್ಕೆ ಹೋಗುತ್ತದೆ? ಗೊತ್ತಾದರೆ ನನಗೂ ಹೇಳಿ.